ಇನ್ನೊಂದು ಗೀರು

ಮರಳಿಗೆ ಬಿದ್ದ ಬಟ್ಟೆಯನ್ನು ತೊಳೆಯದೆ ಅದರಲ್ಲೇ ಮೇಷ್ಟ್ರ ಕಾರು ಉಜ್ಜಿದ್ದು ನಾನು. ಜಗಲಿಯಲ್ಲಿ ಕೂತಿದ್ದ ಮೇಷ್ಟ್ರು ಅದನ್ನು ನೋಡಿದ್ದರು. ಮಂಡಿ ಸವೆದ ಅವರಿಗೆ ಈ ಕಾರೇ ಕಾಲು.

ಪೇಂಟರ್ ಕಾರಿನ ಬಾಗಿಲ ಮೇಲೆ ಬೆರಳಾಡಿಸಿದ. "ಗೀರು ಆಳವಾಗಿದೆ, ಪಾಲಿಶ್‌ಗೆ ಹೋಗಲ್ಲ. ಪೂರ್ತಿ ಪೇಂಟ್ ಹೊಡೀಬೇಕು."

ಮೇಷ್ಟ್ರ ಮಗಳು ನನ್ನತ್ತ ತಿರುಗಿದಳು. "ಯಾವ ಬಟ್ಟೇಲಿ ಒರೆಸ್ದೆಯೋ? ನಾಳೆಯಿಂದ ಬರಬೇಡ."

"ಅವನನ್ಯಾಕೆ ಬೈತೀಯಮ್ಮ?" ಅಂದರು ಮೇಷ್ಟ್ರು. "ನಿನ್ನೆ ನಾನೇ ಬೇಲಿಮುಳ್ಳಿಗೆ ತಾಗಿಸ್ಕೊಂಡು ಬಂದೆ."

ನಿಜ ಹೇಳಲು ಬಾಯಿ ತೆರೆದವನು ಕೆಲಸ ಹೋದೀತೆಂದು ಮುಚ್ಚಿಕೊಂಡೆ. ಬಕೆಟ್ಟಿನ ಮುಂದೆ ಕೂತು ಆ ಬಟ್ಟೆಯನ್ನು ಜಾಲಿಸತೊಡಗಿದೆ.

ಮಗಳು ಅಪ್ಪನ ಮುಂದೆ ಕೈ ಚಾಚಿದಳು. "ಇನ್ನೊಂದು ಗೀರು ಬಿದ್ರೆ ಕಾರು ಓಡ್ಸೋದೇ ಬಿಡ್ತೀನಿ ಅಂತ ಮಾತು ಕೊಟ್ಟಿದ್ರಿ. ಕೀ ಕೊಡಿ, ಅಪ್ಪ."