ನಲವತ್ತು ಕಡಕ್ ರೊಟ್ಟಿ

"ನನ್ನ ಮಾರಿ ನೋಡಬ್ಯಾಡವ್ವಾ, ನಡ ನೋಡು. ಕಣ್ಣು ಸುಳ್ಳು ಹೇಳ್ತಾವು, ಹೆಗಲೂ ಸುಳ್ಳು ಹೇಳ್ತಾವು. ನಡ ಯಾವ ಕಡೆ ಹೊಳ್ಳತೈತಿ, ಮನಶಾ ಅದ ಕಡೆ ಹೋಗಾಂವ," ಎನ್ನುತ್ತಲೇ ಹೊನ್ನಪ್ಪ ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ನುಸುಳಿದ. ಒಂಬತ್ತು ವರ್ಷದ ಮಗಳು ವೇದವತಿ ಎಡಕ್ಕೇ ಹಾರಿ ಮಣ್ಣಿಗೆ ಬಿದ್ದಳು. ವಿಶಾಖಪಟ್ಟಣದ ನೇವಿ ಕ್ವಾರ್ಟರ್ಸಿನ ಹಿಂದಿನ ಆ ಚೂರು ಬಯಲಿನಲ್ಲಿ, ಎರಡು ಚಪ್ಪಲಿಗಳ ಮಧ್ಯೆ ಬಾಲು ಮೆಲ್ಲಗೆ ಉರುಳಿಹೋಗಿ ಗೋಲಾಯಿತು.

"ಪದಕೊಂಡು," ಎಂದು ಅವಳು ಮೊಣಕಾಲು ಒರೆಸಿಕೊಂಡು ಎದ್ದಳು. ಹುಡುಗಿಗೆ ಎಣಿಕೆ, ಜಗಳ ಎರಡೂ ತೆಲುಗಿನಲ್ಲೇ ಬರುತ್ತಿದ್ದವು; ಕನ್ನಡ ಅಪ್ಪ ಅವ್ವನ ಮಟ್ಟಿಗೆ ಮಾತ್ರ. ಪದಕೊಂಡು ಎಂದರೆ ಹನ್ನೊಂದು; ಅಷ್ಟು ಸಲ ಸೋತರೂ ಬಿಡುವ ಜಾತಿಯಲ್ಲ. "ಯಾವತ್ತು ನನ್ನ ಕಾಲಾಗಿನ ಬಾಲು ಕಸ್ಗೊಂತಿ, ಅವತ್ತು ನೀ ಕೇಳಿದ್ದು ಕೊಡ್ತೇನಿ," ಎಂದು ಎರಡು ವರ್ಷದ ಹಿಂದೆ ಅವನು ಮಾತು ಕೊಟ್ಟಿದ್ದ. ನೇವಿಯ ಫುಟ್‌ಬಾಲ್ ತಂಡದಲ್ಲಿ ಆರು ವರ್ಷ ಫಾರ್ವರ್ಡ್ ಆಡಿದವನಿಗೆ ಅಂಥ ಮಾತು ಕೊಡುವುದು ದೊಡ್ಡದೇನಾಗಿರಲಿಲ್ಲ.

ಹೊನ್ನಪ್ಪ ಗಡಿಯಾರ ನೋಡಿಕೊಂಡ. ಸಂಜೆ ಐದಕ್ಕೆ ಇನ್ನು ಹತ್ತು ನಿಮಿಷ. ಐದಕ್ಕೆ ಲಾರಿ ಬರುತ್ತದೆ, ನಸುಕಿಗೆ ಹಡಗು ಹೊರಡುತ್ತದೆ, ಮತ್ತೆ ಮನೆ ಕಾಣುವುದು ಆರು ತಿಂಗಳಿಗೆ. ಚೀಲ ಕಟ್ಟಿ ಕದದ ಹಿಂದೆ ಬಚ್ಚಿಟ್ಟಾಗಿತ್ತು. ಯೂನಿಫಾರ್ಮನ್ನು ಹಡಗಿನಲ್ಲೇ ಹಾಕಿಕೊಂಡರಾಯಿತು. ಮಗಳಿಗೆ ಮಾತ್ರ ಹೇಳಿರಲಿಲ್ಲ. ಬಿರುಗಾಳಿಗೆ ಹೆದರದ ಮನುಷ್ಯನಿಗೆ ಅವಳ ಕಣ್ಣೀರಿನ ಭಯ. ಹೋದ ಸಲ ಅವಳು ಶಾಲೆಯಲ್ಲಿದ್ದಾಗ ಹೊರಟಿದ್ದ. ಅದರ ಹಿಂದಿನ ಸಲ ಪಕ್ಕದ ಮನೆಯ ರಾಜ್ಯಲಕ್ಷ್ಮಿಯವರ ಹತ್ತಿರ ಆಡಲು ಕಳಿಸಿ. ಆಮೇಲೆ ಹೆಂಡತಿ ಮಂಗಳಾಗೌರಿಯ ಇನ್‌ಲ್ಯಾಂಡ್ ಪತ್ರದಲ್ಲಿ ಅದೇ ಸಾಲು: ಎರಡು ದಿನ ಉಣ್ಣಲಿಲ್ಲ, ಬಾಲನ್ನು ತಬ್ಬಿಕೊಂಡು ಮಲಗಿದಳು. ಆ ಸಾಲನ್ನು ಅವನು ನಡುನೀರಿನಲ್ಲಿ ಎಷ್ಟು ಸಲ ಓದಿದ್ದನೋ! ಮಗಳು ಬೇಕು, ಮನೆ ಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು.

ಮನೆಯಲ್ಲಿ ನಡೆದಿದ್ದ ಸಿದ್ಧತೆಯನ್ನು ಮುಚ್ಚಲು ಈ ಸಲ ಇನ್ನೂ ದೊಡ್ಡ ಸುಳ್ಳು ಹೂಡಿದ್ದ. "ನಾಳೆ ವಿಜಯವಾಡಕ್ಕ ಮಾವನ ಮನಿಗೆ ಹೋಗೂಣು. ಒಂದಿನ ಇದ್ದು, ಕೊಂಡಪಲ್ಲಿ ಗೊಂಬಿ ಕೊಡಸ್ಕೊಂಡು ಬರೂಣು," ಎಂದಿದ್ದ ಬೆಳಿಗ್ಗೆ. ಅಲ್ಲಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಸೋದರಮಾವನೆಂದರೆ ಹುಡುಗಿಗೆ ಪ್ರಾಣ. ಕುಣಿದಾಡುತ್ತಾಳೆ ಅಂದುಕೊಂಡಿದ್ದ. ಅವಳು "ಹ್ಞೂಂ" ಎಂದು ಸುಮ್ಮನಾಗಿದ್ದಳು.

"ವೇದಾ, ರಾಜ್ಯಲಕ್ಷ್ಮಿ ಆಂಟಿ ಕರ್ಯಾಕತ್ತಾರ ನೋಡು, ಹೋಗು," ಎಂದು ಮಂಗಳಾಗೌರಿ ಹಿತ್ತಿಲ ಬಾಗಿಲಿನಿಂದ ಕೂಗಿದಳು. ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡದ್ದು. ವೇದವತಿ ಹೋಗಲಿಲ್ಲ. ಬಾಲನ್ನು ಅಪ್ಪನ ಕಾಲಿಗೆ ತಳ್ಳಿ, ಗೋಲಿನ ಚಪ್ಪಲಿಗಳನ್ನು ಬಿಟ್ಟು, ರಸ್ತೆಯ ಕಡೆಯ ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ಅಲ್ಲ್ಯಾಕ ನಿಂತಿ?"

"ಅಪ್ಪಾ, ವಿಜಯವಾಡಕ್ಕ ಒಂದಿನ ಹೋಗಾಕ ನಲವತ್ತು ಕಡಕ್ ರೊಟ್ಟಿ ಯಾಕ?"

ಹೊನ್ನಪ್ಪ ಹೆಂಡತಿಯತ್ತ ನೋಡಿದ. ಮೂರು ದಿನದಿಂದ ಮಂಗಳಾಗೌರಿ ರೊಟ್ಟಿ ಬಡಿದು ಒಣಗಿಸಿದ್ದಳು, ಶೇಂಗಾ ಚಟ್ನಿ ಕುಟ್ಟಿ ಡಬ್ಬಿ ತುಂಬಿದ್ದಳು. ಗದಗಿನ ಕಡೆಯ ಹೆಂಗಸು ಗಂಡನನ್ನು ದೂರ ಕಳಿಸುವಾಗ ಬಾಯಿ ಮುಚ್ಚಿಕೊಂಡಾಳು, ರೊಟ್ಟಿ ಬಡಿಯುವ ಸಪ್ಪಳವನ್ನು ಎಲ್ಲಿ ಮುಚ್ಚಿಡಬೇಕು? ಪ್ರತಿ ಸಲವೂ ಅದೇ ಸಪ್ಪಳ. ಮಗಳಿಗೆ ತಿಳಿಯದೆಂದು ಇಬ್ಬರೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದ್ದುಬಿಟ್ಟಿದ್ದರು.

ರಸ್ತೆಯ ತುದಿಯಲ್ಲಿ ಲಾರಿ ಹಾರನ್ ಹೊಡೆಯಿತು.

"ನನ್ನ ದಾಟಿ ಹೋಗು," ಎಂದಳು ವೇದವತಿ. ಅವನೇ ಕಲಿಸಿದ ಹಾಗೆ ಮಂಡಿ ಬಗ್ಗಿಸಿ, ಕೈ ಅಗಲಿಸಿ ನಿಂತಿದ್ದಳು.

ತಾನು ಸೋತರೆ ಅವಳು ಹೋಗಬ್ಯಾಡ ಎಂದೇ ಕೇಳುತ್ತಾಳೆ ಅಂದುಕೊಂಡ ಹೊನ್ನಪ್ಪ. ಅದನ್ನು ಕೊಡುವುದು ತನ್ನ ಕೈಯಲ್ಲಿಲ್ಲ ಎಂಬುದು ಗೊತ್ತಿತ್ತು. ಹಾಗಾಗಿ ಮೊದಲ ಬಾರಿಗೆ ಮಗಳೆಂದು ನೋಡದೆ ಆಡಿದ. ಎಡಗಣ್ಣಿನ ಅಂಚಿನಲ್ಲಿ ನೋಡಿದ, ಎಡ ಹೆಗಲು ಇಳಿಸಿದ, ಎಡಗಾಲನ್ನು ಬಾಲಿನ ಮೇಲೆ ಸುಳಿಸಿದ, ಸರಕ್ಕನೆ ಬಲಕ್ಕೆ ಹೊರಳಿದ. ಅಷ್ಟರಲ್ಲಿ ಅಲ್ಲೊಂದು ಪುಟ್ಟ ಬರಿಗಾಲು ಕಾಯುತ್ತಿತ್ತು. ಬಾಲು ಅದರ ಅಡಿಯಲ್ಲಿ ನಿಂತುಬಿಟ್ಟಿತು.

"ಕಸ್ಗೊಂಡೆ," ಎಂದಳು. ಗೆದ್ದವಳ ದನಿಯಾಗಿರಲಿಲ್ಲ ಅದು. "ಈಗ ಕೇಳ್ತೇನಿ."

"ಕೇಳವ್ವಾ," ಎಂದ ಹೊನ್ನಪ್ಪ.

"ಇನ್ನ ಮ್ಯಾಲೆ ಹೇಳಿ ಹೋಗು."

ಮಂಗಳಾಗೌರಿ ಸೆರಗಿನಿಂದ ಮೂಗು ಒರೆಸುತ್ತ ಚೀಲವನ್ನೂ ರೊಟ್ಟಿಯ ಡಬ್ಬಿಯನ್ನೂ ತಂದುಕೊಟ್ಟಳು. ಹೊನ್ನಪ್ಪ ಎರಡನ್ನೂ ಎತ್ತಿಕೊಂಡು ಮಗಳ ಮುಂದೆ ನಿಂತ. ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿದ್ದ ಆ ಒಂದು ಮಾತು ಕಡೆಗೂ ಬಾಯಿಂದ ಬಂತು.

"ಹೋಗಿ ಬರ್ತೇನಿ, ವೇದಾ. ಖರೇನ ಬರ್ತೇನಿ."

ವೇದವತಿ ಗೇಟು ಬಿಟ್ಟು ಪಕ್ಕಕ್ಕೆ ಸರಿದಳು. ಅವಳು ಅವನ ಕಣ್ಣನ್ನು ನೋಡಲಿಲ್ಲ. ಲಾರಿಯ ಕಡೆಗೆ ಹೊರಳಿದ್ದ ಅವನ ನಡುವನ್ನೇ ನೋಡುತ್ತ ನಿಂತಳು.