ಗಡಿಫಲಕಕ್ಕೆ ಹಸಿ ಬಣ್ಣ

"ಮುಟ್ಬೇಡಿ ಸಾಹೇಬ್ರೇ, ಬಣ್ಣ ಹಸಿ ಇದೆ," ಎಂದ ವಿಲ್ಫ್, ಯಾರ್ಕ್‌ಶೈರಿನ ಥಾರ್ನ್‌ಬೆಕ್ ಜಿಲ್ಲೆಯ ಗಡಿಫಲಕದ ಮುಂದೆ ಕುಂಚ ಹಿಡಿದು.

ಫಲಕ ಬಿಚ್ಚಲು ಬಂದ ಹೊಸ ಕೌನ್ಸಿಲ್ಲಿನ ಅಧಿಕಾರಿ ಸ್ಪ್ಯಾನರ್ ಇಳಿಸಿದ. "ನಿಮ್ಮ ಜಿಲ್ಲೆ ನಮ್ಮ ಕೌನ್ಸಿಲ್ಲಿಗೆ ಸೇರಿ, ನಿನ್ನೆಗೇ ಅದರ ಪಿಕ್ಚರ್ ಮುಗೀತಲ್ಲ ಯಜಮಾನ್ರೇ. ಗುಜರಿಗೆ ಹೋಗೋ ಬೋರ್ಡಿಗೆ ಮೇಕಪ್ಪಾ?"

"ಇಪ್ಪತ್ತಾರು ವರ್ಷದಿಂದ ಏಪ್ರಿಲ್ ಒಂದಕ್ಕೆ ಇದಕ್ಕೆ ಬಣ್ಣ ಹೊಡೆಯೋನು ನಾನೇ. ಮೊದಲ್ನೇ ವರ್ಷ ಇದಕ್ಕೆ ಒರಗಿ ನಮ್ಮ ಏಡಾ ಕೋಟಿನ ತುಂಬ ಬಣ್ಣ ಮೆತ್ಕೊಂಡ್ಳು. ಬೈಯೋಕೆ ಬಂದವಳು ನನ್ನೇ ಮದ್ವೆ ಆದ್ಲು. ಆ ಕೋಟು ಇನ್ನೂ ಬಾಗಿಲ ಹಿಂದೆ ನೇತಾಡ್ತಿದೆ, ಅವಳೇ ಇಲ್ಲ."

ಅಧಿಕಾರಿ ಸೋರುತ್ತಿದ್ದ ಕಪ್ಪು ಅಕ್ಷರಗಳನ್ನು ನೋಡಿದ, ತನ್ನ ಹೊಸ ಕಾರಿನ ಸೀಟನ್ನೂ ನೋಡಿದ. "ಒಣಗ್ಲಿ. ಗುರುವಾರ ಬರ್ತೀನಿ."

"ಧಾರಾಳವಾಗಿ ಬನ್ನಿ."

ಕಾರು ತಿರುವು ದಾಟಿತು. ಬುಧವಾರ ಸಂಜೆಗೆಂದು ವಿಲ್ಫ್ ಅರ್ಧ ಡಬ್ಬಿ ಬಣ್ಣ ಎತ್ತಿಟ್ಟ.