ಆಗಲೇ ಹೇಳಿದ ಮಾತು

ನಮ್ಮೂರಿನ ಆನ್‌ಲೈನ್ ಹರಟೆಕಟ್ಟೆಯಲ್ಲಿ ಜನರಿಗಿಂತ ಬಾವಿಗಳೇ ಹೆಚ್ಚು ಮಾತಾಡುತ್ತವೆ. ಕೆರೆ, ಹಳ್ಳ ಎಲ್ಲಕ್ಕೂ ಅಲ್ಲಿ ಖಾತೆ ಇದೆ, ಕಟ್ಟೆಯನ್ನು ನೋಡಿಕೊಳ್ಳುವವಳು ನಾನು. ಅವುಗಳ ಸಣ್ಣಪುಟ್ಟ ಎರರ್‌ಗಳಿಂದಲೇ ಕಟ್ಟೆಯ ದಾಖಲೆಪಟ್ಟಿ, ಅಂದರೆ ಲಾಗ್, ತುಂಬಿ ಹೋಗುತ್ತಿತ್ತು. ಬೇಸತ್ತು ಕಳೆದ ತಿಂಗಳು, ‘ಗಂಭೀರ ಎರರ್ ಮಾತ್ರ ದಾಖಲಿಸು’ ಎಂದು ಸೆಟ್ ಮಾಡಿಬಿಟ್ಟೆ.

ಇವತ್ತು ಬೆಳಿಗ್ಗೆ ಗೊಂಚಿಕೆರೆಯ ಮೀನೆಲ್ಲ ಸತ್ತು ತೇಲಿದವು. ಮೀನು ಹಿಡಿಯುವ ಕಾಶವ್ವ ಒಣಬಲೆ ಹಿಡಿದು ದಡದಲ್ಲಿ ನಿಂತು ಕೆರೆಯನ್ನೇ ಬೈಯುತ್ತಿದ್ದಳು.

“ಇಪ್ಪತ್ತ್ ವರ್ಷದ ಗೆಳೆತನ! ಏನಾಗೇತಂತ ಒಂದ್ ಮಾತ್ ಹೇಳಬಾರದಾಗಿತ್ತೇನ, ಬಾಯಿ ಸತ್ತಾಕಿ!”

“ಹೇಳಿತ್ತು ಕಾಶವ್ವ,” ಎಂದು ಕೆರೆಯ ಖಾತೆ ತೆರೆದು ಫೋನ್ ತೋರಿಸಿದೆ. ‘ಉಸಿರು ಕಟ್ಟುತ್ತಿದೆ’ ಎಂದು ಕೆರೆ ನಲವತ್ತೊಂದು ಸಲ ಬರೆದಿತ್ತು. ಮೊದಲನೆಯದು ಬಾವಿಗಳ ಹರಟೆಯಲ್ಲಿ ಮುಳುಗಿಹೋಗಿತ್ತು. ಉಳಿದ ನಲವತ್ತನ್ನು, ಒಂದೇ ಮಾತು ಮತ್ತೆ ಮತ್ತೆ ಬಂತೆಂದು ಕಟ್ಟೆ ತಡೆದಿತ್ತು.

“ನಿನಗ ಗೊತ್ತಾಗಲಿಲ್ಲೇನ, ಶಕ್ಕೂ?”

“ಕಟ್ಟೆ ತಡೆದದ್ದೆಲ್ಲ ಲಾಗಿನ್ಯಾಗ ಬರತಿತ್ತು. ಅದನ್ನ ನಾನ ಬಂದ್ ಮಾಡಿದ್ದೆ.”

ಕಾಶವ್ವ ಬಲೆಯನ್ನು ದಡದ ಮೇಲೆ ಇಳಿಸಿದಳು. ಅವಳು ನನ್ನನ್ನು ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

“ಸುಮ್ಮನ ಅದನ್ನ ಬೈದೆ ನಾ,” ಎಂದಳು. “ತಪ್ಪಾತು ಅನ್ನು ಅದಕ್ಕ. ಒಂದ್ ಸಲ ಅಲ್ಲ. ಅದು ಎಷ್ಟ್ ಸಲ ಹೇಳೇತೋ ಅಷ್ಟ್ ಸಲ.”

ಅಲ್ಲೇ ದಡದಲ್ಲಿ ಕೂತು ಮೊದಲು ಲಾಗನ್ನು ಪೂರ್ತಿ ತೆರೆದಿಟ್ಟೆ. ಆಮೇಲೆ ಕೆರೆಯ ಖಾತೆಗೆ ‘ತಪ್ಪಾಯಿತು’ ಎಂದು ಬರೆದೆ. ಹೋಯಿತು. ಮತ್ತೆ ‘ತಪ್ಪಾಯಿತು’ ಎಂದು ಬರೆದಾಗ ಕೆಂಪು ಅಕ್ಷರಗಳು ಮೂಡಿದವು:

‘ಈ ಮಾತನ್ನು ನೀವು ಆಗಲೇ ಹೇಳಿದ್ದೀರಿ.’